ಪಂಚಾಯಿತಿಯಿಲ್ಲದ ಚಿನ್ನದ ಹಳ್ಳಿ

(ಪಕ್ಷದ ಕಾರ್ಯಕರ್ತರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಕಳೆದ ಕೂಟದಲ್ಲಿ ಜಮೀನಿನ ಪ್ರಶ್ನೆಯ ಮೇಲೆ ಮಾತು ನಡೆದಾಗ, ಒಂದು ನೆಲ ಯಾರದೆಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಎದ್ದಿತ್ತು. ತತ್ವದ ಉತ್ತರಗಳನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಅದಕ್ಕೆ ಬದಲಾಗಿ ನಾನು ಈ ದಿನ ಒಂದೇ ಒಂದು ಊರಿನ ಚರಿತ್ರೆಯನ್ನೂ ಭೂಗೋಳವನ್ನೂ ನಿಮ್ಮ ಮುಂದಿಡುತ್ತೇನೆ. ಊರು ನಮ್ಮದಲ್ಲ, ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ್ದು. ಹೆಸರು ಕೊಲೋಮಾ. 2010ರ ಜನಗಣತಿಯಲ್ಲಿ ಅಲ್ಲಿದ್ದವರು 529 ಮಂದಿ. ನಮ್ಮ ತಾಲ್ಲೂಕಿನ ಅನೇಕ ಮಜರೆ ಹಳ್ಳಿಗಳು ಇದಕ್ಕಿಂತ ದೊಡ್ಡವು.

ಈ ಊರಿಗೆ ತನ್ನದೇ ಆದ ಪುರಸಭೆ ಇಲ್ಲ, ಪಂಚಾಯಿತಿ ಇಲ್ಲ, ಅಧ್ಯಕ್ಷನಿಲ್ಲ. ಅಮೆರಿಕದಲ್ಲಿ ಒಂದು ಜನವಸತಿಗೆ ಸ್ಥಳೀಯ ಸರ್ಕಾರದ ಅಧಿಕಾರ ಬರಬೇಕಾದರೆ ಅದು ಸಂಸ್ಥಾನದ ಕಾನೂನಿನ ಪ್ರಕಾರ ನೋಂದಣಿಯಾಗಿ ಪುರಸಭೆಯ ಸ್ಥಾನ ಪಡೆಯಬೇಕು. ಹಾಗೆ ಪಡೆಯದ ಊರುಗಳನ್ನು ಅಲ್ಲಿ ಅನ್‌ಇನ್‌ಕಾರ್ಪೊರೇಟೆಡ್ ಊರುಗಳೆನ್ನುತ್ತಾರೆ. ಅಂಥ ಊರುಗಳು ಸಾವಿರಾರು ಇವೆ. ಅಲ್ಲಿ ಜನರಿದ್ದಾರೆ, ಅಂಚೆ ಕಚೇರಿ ಇರುತ್ತದೆ, ನಕ್ಷೆಯಲ್ಲಿ ಹೆಸರೂ ಇರುತ್ತದೆ. ಆದರೆ ರಸ್ತೆ, ಪೋಲೀಸು, ಯಾವ ಜಾಗದಲ್ಲಿ ಏನು ಕಟ್ಟಬಹುದೆಂಬ ಅಪ್ಪಣೆ, ಇವೆಲ್ಲ ಜಿಲ್ಲೆಯ ಕೈಯಲ್ಲಿ. ಅಲ್ಲಿಯವರು ಜಿಲ್ಲೆಗೆ ಕೌಂಟಿ ಎನ್ನುತ್ತಾರೆ. ಕೊಲೋಮಾ ಸೇರಿರುವುದು ಎಲ್ ಡೊರಾಡೊ ಕೌಂಟಿಗೆ. ಅದರ ಐದು ಮಂದಿ ಮೇಲ್ವಿಚಾರಕರ ಮಂಡಲಿ ಎಂಟು ಮೈಲಿ ದೂರದ ಪ್ಲಾಸರ್‌ವಿಲ್ಲಿನಲ್ಲಿ ಕೂರುತ್ತದೆ. ಎಲ್ ಡೊರಾಡೊ ಎಂದರೆ ಸ್ಪಾನಿಷ್ ಭಾಷೆಯಲ್ಲಿ ಚಿನ್ನ ಲೇಪಿಸಿಕೊಂಡವನು ಎಂದರ್ಥ. ಹೆಸರಿನಲ್ಲಿ ಚಿನ್ನ ಜಿಲ್ಲೆಗೆ ಉಳಿಯಿತು. ಆ ಚಿನ್ನ ಮೊದಲು ಕಂಡದ್ದು, ಇಡೀ ಜಗತ್ತನ್ನು ಕ್ಯಾಲಿಫೋರ್ನಿಯಾದ ಕಡೆಗೆ ಓಡಿಸಿದ್ದು ಈ ಕೊಲೋಮಾದಲ್ಲಿ. 1857ರವರೆಗೆ ಜಿಲ್ಲಾ ಕೇಂದ್ರವೂ ಇದೇ ಆಗಿತ್ತು. ಅದು ಹೇಗೆ ಹೋಯಿತು, ಯಾರು ಏನು ಪಡೆದರು, ಯಾರು ಏನು ಕಳೆದುಕೊಂಡರು ಎಂಬುದೇ ಈ ದಿನದ ವಿಷಯ.

ಮೊದಲು ನೆಲವನ್ನು ನೋಡೋಣ. ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ ಉತ್ತರ ದಕ್ಷಿಣವಾಗಿ ಸಿಯೆರಾ ನೆವಾಡಾ ಪರ್ವತಶ್ರೇಣಿ ಚಾಚಿಕೊಂಡಿದೆ. ಅದರ ಪಶ್ಚಿಮದ ತಪ್ಪಲು ಮೆಲ್ಲಮೆಲ್ಲಗೆ ಇಳಿದು ಸ್ಯಾಕ್ರಮೆಂಟೊ ಬಯಲನ್ನು ಸೇರುತ್ತದೆ. ನಮ್ಮ ಸಹ್ಯಾದ್ರಿ ಪಶ್ಚಿಮಕ್ಕೆ ಗೋಡೆಯಂತೆ ಬೀಳುತ್ತದೆ. ಅವರದು ಜಾರುಬಂಡೆಯಂತೆ ಇಳಿಯುತ್ತದೆ. ಮಳೆಯೂ ನಮಗೆ ತಿರುಗುಮುರುಗು. ಅಲ್ಲಿ ಚಳಿಗಾಲವೇ ಮಳೆಗಾಲ. ಮೇ ತಿಂಗಳು ಕಳೆದರೆ ಅಕ್ಟೋಬರಿನವರೆಗೆ ಹನಿ ಬೀಳುವುದೇ ಅಪರೂಪ. ಬೆಟ್ಟದ ಮೇಲೆ ಕೂತ ಹಿಮ ಬೇಸಗೆಯಲ್ಲಿ ಕರಗಿ ನದಿಗಳನ್ನು ನಡೆಸುತ್ತದೆ. ಅಂಥ ನದಿಗಳಲ್ಲಿ ಒಂದು ಅಮೆರಿಕನ್ ನದಿ. ಅದರ ದಕ್ಷಿಣದ ಕವಲು ಕಮರಿಯಿಂದ ಹೊರಬಂದು, ಸ್ವಲ್ಪ ಅಗಲವಾದ ಕಣಿವೆಯೊಂದರಲ್ಲಿ ಉಸಿರು ಬಿಟ್ಟುಕೊಂಡು ಹರಿಯುವ ಜಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 750 ಅಡಿ ಎತ್ತರದಲ್ಲಿ ಕೊಲೋಮಾ ಇದೆ. ಕೆಂಪು ಮಣ್ಣು, ಓಕ್ ಮರ, ಮೇಲುಭಾಗದಲ್ಲಿ ಪೈನ್ ಮರ. ಸ್ಯಾಕ್ರಮೆಂಟೊ ನಗರದಿಂದ ಈಶಾನ್ಯಕ್ಕೆ ಮೂವತ್ತಾರು ಮೈಲಿ.

ಚಿನ್ನ ಅಲ್ಲಿಗೆ ಹೇಗೆ ಬಂತು? ತಪ್ಪಲಿನ ಬಂಡೆಗಳೊಳಗೆ ಬಿಳಿಯ ಬೆಣಚುಕಲ್ಲಿನ ಸಿರೆಗಳಿವೆ. ಆ ಸಿರೆಗಳಲ್ಲಿ ಚಿನ್ನ. ಲಕ್ಷಾಂತರ ವರ್ಷಗಳ ಮಳೆ ಹಿಮಗಳು ಬೆಟ್ಟವನ್ನು ಸವೆಸಿದಂತೆ ಕಲ್ಲು ಪುಡಿಯಾಗಿ ಹೊಳೆಗೆ ಬಿತ್ತು. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ. ಆದ್ದರಿಂದ ಹೊಳೆ ತನ್ನ ರಭಸ ಕಳೆದುಕೊಳ್ಳುವ ತಿರುವಿನಲ್ಲಿ, ಬಂಡೆಯ ಸಂದಿನಲ್ಲಿ, ಮರಳಿನ ಅಡಿಯಲ್ಲಿ ಅದು ಕೂತುಬಿಡುತ್ತದೆ. ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುವ ಹಾಗೆ. ಇದು ನಮಗೆ ಹೊಸ ವಿದ್ಯೆಯೇನಲ್ಲ. ಗದಗಿನ ಕಡೆ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಮಳೆ ಬಂದು ಹೋದ ಮೇಲೆ ಮರಳು ತೊಳೆದು ಚಿನ್ನದ ಕಣ ಆಯುತ್ತಿದ್ದ ಜಾಲಗಾರರು ಇದೇ ಕೆಲಸ ಮಾಡುತ್ತಿದ್ದರು. ಒಂದು ತಟ್ಟೆ, ಒಂದು ಸಲಿಕೆ, ಎರಡು ಕೈ ಇದ್ದರೆ ಸಾಕು. ಬಂಡವಾಳ ಬೇಡ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಆ ಕಣಿವೆಯ ಮೂಲದ ಜನ ನಿಸೆನಾನರು. ಅವರ ಊರಿನ ಹೆಸರು ಕುಲ್ಲೂಮಾ. ಸುಂದರವಾದುದು ಎಂದು ಅದರ ಅರ್ಥವೆಂದು ಹೇಳುತ್ತಾರೆ. ಓಕ್ ಮರದ ಕಾಯಿ ಅವರ ಮುಖ್ಯ ಆಹಾರ. ಅದನ್ನು ಕುಟ್ಟಿ, ನೀರಿನಲ್ಲಿ ತೊಳೆದು ಕಹಿ ತೆಗೆದು, ಅಂಬಲಿ ಮಾಡುತ್ತಿದ್ದರು. ಕುಟ್ಟಿ ಕುಟ್ಟಿ ಹಾಸುಬಂಡೆಯಲ್ಲಿ ಒರಳಿನಂಥ ಗುಳಿಗಳಾಗಿವೆ. ಆ ಗುಳಿಗಳು ಇಂದಿಗೂ ಅಲ್ಲಿವೆ. ಹೊಳೆಯ ಮೀನು, ಕಾಡಿನ ಜಿಂಕೆ, ಬೆಟ್ಟದ ಬೀಜ ಬೇರುಗಳು, ಇವುಗಳ ಮೇಲೆ ಬದುಕಿದ ಜನ ಹೊಳೆಯ ಹಳದಿ ಕಲ್ಲಿಗಾಗಿ ಒಬ್ಬರ ತಲೆಯನ್ನೊಬ್ಬರು ಒಡೆದುಕೊಳ್ಳಲಿಲ್ಲ.

ಈ ಲೋಕಕ್ಕೆ ಬಂದವನು ಜಾನ್ ಸಟರ್. ಸ್ವಿಟ್ಸರ್ಲೆಂಡಿನಲ್ಲಿ ಸಾಲ ಮಾಡಿ, ಸಾಲಗಾರರಿಂದ ತಪ್ಪಿಸಿಕೊಂಡು, ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಬಂದ ಮನುಷ್ಯ. 1839ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದ. ಆಗ ಅದು ಮೆಕ್ಸಿಕೊ ದೇಶದ್ದು. ಎರಡೇ ವರ್ಷದಲ್ಲಿ ಮೆಕ್ಸಿಕೊ ಸರ್ಕಾರದಿಂದ ಸುಮಾರು 48,000 ಎಕರೆ ಜಹಗೀರು ಪಡೆದು, ಇಂದಿನ ಸ್ಯಾಕ್ರಮೆಂಟೊ ಇರುವಲ್ಲಿ ಕೋಟೆ ಕಟ್ಟಿ ಪಾಳೆಯಗಾರನಂತೆ ಕೂತ. ಗೋಧಿ ಬೆಳೆ, ದನದ ಮಂದೆ, ನೇಯ್ಗೆ, ಚರ್ಮದ ಕೆಲಸ, ಎಲ್ಲಕ್ಕೂ ದುಡಿದವರು ಮೂಲನಿವಾಸಿಗಳು. ದುಡಿಯಲು ಬಾರದವರನ್ನು ಹಿಡಿದು ತರಿಸುತ್ತಿದ್ದ. ಅವರಿಗೆ ಊಟವನ್ನು ದನಕ್ಕೆ ಹಾಕುವಂತೆ ಉದ್ದನೆಯ ದೋಣಿಗಳಲ್ಲಿ ಸುರಿಯುತ್ತಿದ್ದರೆಂದು ಆ ಕೋಟೆಯನ್ನು ಕಣ್ಣಾರೆ ನೋಡಿದ ಬಿಳಿಯರೇ ಬರೆದಿಟ್ಟಿದ್ದಾರೆ. ಶಾಲೆಯ ಪುಸ್ತಕಗಳು ಬಹುಕಾಲ ಈತನನ್ನು ಉದಾರಿ, ಅತಿಥಿಸತ್ಕಾರಿ ಎಂದೇ ಹೊಗಳಿದವು. ದಾರಿ ಸವೆಸಿ ಬಂದ ಬಿಳಿಯ ವಲಸೆಗಾರರಿಗೆ ಅವನು ಅನ್ನ ಹಾಕಿದ್ದೂ ನಿಜ. ಯಾರು ಬೆಳೆದ ಅನ್ನ ಎಂಬುದನ್ನು ಆ ಪುಸ್ತಕಗಳು ಕೇಳಲಿಲ್ಲ.

ಕಟ್ಟಡಗಳಿಗೆ ಹಲಗೆ ಬೇಕಾಯಿತು. ಜೇಮ್ಸ್ ಮಾರ್ಷಲ್ ಎಂಬ ಬಡಗಿಯೊಡನೆ 1847ರ ಆಗಸ್ಟಿನಲ್ಲಿ ಸಟರ್ ಪಾಲುದಾರಿಕೆ ಮಾಡಿಕೊಂಡ. ಪೈನ್ ಮರವೂ ಹರಿಯುವ ನೀರೂ ಒಟ್ಟಿಗೆ ಸಿಕ್ಕುವ ಕೊಲೋಮಾ ಕಣಿವೆಯಲ್ಲಿ ಮರ ಕೊಯ್ಯುವ ಗಿರಣಿ ಕಟ್ಟಲು ಮಾರ್ಷಲ್ ಹೋದ. ಕೆಲಸಗಾರರು ಎರಡು ತರ: ಸೈನ್ಯದಿಂದ ಬಿಡುಗಡೆಯಾದ ಕೆಲವರು ಮಾರ್ಮನ್ ಪಂಥದ ಯುವಕರು, ಮತ್ತು ಮೂಲನಿವಾಸಿಗಳು. ಗಿರಣಿಯ ಚಕ್ರ ತಿರುಗಿಸಿದ ನೀರು ಹೊರಬೀಳುವ ಕಾಲುವೆ ಆಳ ಸಾಲದಾಗಿತ್ತು. ಹಗಲೆಲ್ಲ ಅಗೆಯುವುದು, ರಾತ್ರಿ ನೀರು ಬಿಟ್ಟು ಸಡಿಲವಾದ ಮಣ್ಣನ್ನು ಕೊಚ್ಚಿಸುವುದು ಎಂದು ನಡೆಯಿತು. ಹೊಳೆ ಸಾವಿರಾರು ವರ್ಷ ಮಾಡಿದ ಕೆಲಸವನ್ನು ಈ ಕಾಲುವೆ ಕೆಲವು ರಾತ್ರಿಗಳಲ್ಲಿ ಮಾಡಿತು. 1848ರ ಜನವರಿ 24ರ ಬೆಳಿಗ್ಗೆ ಕಾಲುವೆಯ ತಳದಲ್ಲಿ ಹೊಳೆಯುವ ಚೂರುಗಳು ಮಾರ್ಷಲನ ಕಣ್ಣಿಗೆ ಬಿದ್ದವು. ಸುತ್ತಿಗೆಯಿಂದ ಬಡಿದ, ಒಡೆಯಲಿಲ್ಲ, ಚಪ್ಪಟೆಯಾಯಿತು. ಅಡಿಗೆ ಮಾಡಿ ಹಾಕುತ್ತಿದ್ದ ಜೆನ್ನಿ ವಿಮ್ಮರ್ ಎಂಬಾಕೆ ಒಂದು ಚೂರನ್ನು ಸಾಬೂನು ಕಾಯಿಸುವ ಕ್ಷಾರದ ಕಡಾಯಿಗೆ ಹಾಕಿ ಬೇಯಿಸಿದಳು. ಮಾರನೆಯ ದಿನ ತೆಗೆದರೆ ಹಾಗೆಯೇ ಹೊಳೆಯುತ್ತಿತ್ತು.

ಈ ತಾರೀಖು ನಮಗೆ ಗೊತ್ತಾದದ್ದು ಯಾವ ಸರ್ಕಾರಿ ಕಡತದಿಂದಲೂ ಅಲ್ಲ. ಹೆನ್ರಿ ಬಿಗ್ಲರ್ ಎಂಬ ಕೂಲಿಕಾರ ದಿನಚರಿ ಬರೆಯುತ್ತಿದ್ದ, ಅವನ ದಿನಚರಿಯಿಂದ. ಮಾರ್ಷಲನಿಗೇ ಮುಂದೆ ದಿನಾಂಕ ಸರಿಯಾಗಿ ನೆನಪಿರಲಿಲ್ಲ.

ಇನ್ನು ನಮಗೆ ಮುಖ್ಯವಾದ ಸಂಗತಿ. ಗಿರಣಿ ಇದ್ದ ಜಾಗ ಸಟರನ ಜಹಗೀರಿನ ಹೊರಗಿತ್ತು. ಅದು ಅವನಿಗೂ ಗೊತ್ತು. ಆದ್ದರಿಂದ ಅವನು ಕೊಲೋಮಾದ ನಿಸೆನಾನ್ ಮುಖಂಡರಿಂದಲೇ ಒಂದು ಗುತ್ತಿಗೆ ಪತ್ರ ಬರೆಸಿಕೊಂಡ. ನೆಲ ಅವರದು, ನಾನು ಗುತ್ತಿಗೆದಾರ ಎಂದು ಒಪ್ಪಿಕೊಂಡ ಪತ್ರ ಅದು. ಧರ್ಮಬುದ್ಧಿಯಿಂದಲ್ಲ, ಚಿನ್ನವನ್ನು ಭದ್ರಪಡಿಸಿಕೊಳ್ಳುವ ಆಸೆಯಿಂದ. ಪತ್ರವನ್ನು ಮಾಂಟೆರೆಯಲ್ಲಿದ್ದ ಅಮೆರಿಕದ ಸೈನಿಕ ಗವರ್ನರ್ ಕರ್ನಲ್ ಮೇಸನ್ನನ ಬಳಿಗೆ ಮಂಜೂರಾತಿಗೆ ಕಳಿಸಿದ. ಮೇಸನ್ ಒಪ್ಪಲಿಲ್ಲ. ಮೂಲನಿವಾಸಿಗಳು ತಾವು ವಾಸಿಸುವ ನೆಲವನ್ನು ಖಾಸಗಿ ಜನರಿಗೆ ಮಾರುವ ಅಥವಾ ಗುತ್ತಿಗೆಗೆ ಕೊಡುವ ಹಕ್ಕನ್ನು ಅಮೆರಿಕ ಸರ್ಕಾರ ಮಾನ್ಯ ಮಾಡುವುದಿಲ್ಲ ಎಂಬುದು ಅವನ ಉತ್ತರದ ಸಾರ. ತಲೆತಲಾಂತರದಿಂದ ಅಲ್ಲಿ ಬದುಕಿದ ಜನ ಒಂದು ಕಾಗದದ ಮಾತಿನಿಂದ ತಮ್ಮ ನೆಲದಲ್ಲೇ ಬಗರ್ ಹುಕುಂ ಆದರು. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆಮಠ ಬಿಟ್ಟುಬಂದು, ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ಎರಡು ಮೂರು ತಲೆಮಾರು ಕಚೇರಿ ಸುತ್ತಿದ ಶರಾವತಿ ಸಂತ್ರಸ್ತರು ಇರುವ ನಾಡಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ಕಾಗದವೂ ಸಿದ್ಧವಾಗಿತ್ತು. ಚಿನ್ನ ಕಂಡ ಒಂಬತ್ತು ದಿನಕ್ಕೆ, ಫೆಬ್ರವರಿ 2ರಂದು, ಅಮೆರಿಕ ಮೆಕ್ಸಿಕೊಗಳ ಯುದ್ಧ ಮುಗಿಸುವ ಒಪ್ಪಂದಕ್ಕೆ ಸಹಿ ಬಿತ್ತು. ಸೋತ ಮೆಕ್ಸಿಕೊ ಕ್ಯಾಲಿಫೋರ್ನಿಯಾವನ್ನೂ ಇನ್ನೂ ವಿಶಾಲವಾದ ಪ್ರದೇಶವನ್ನೂ ಒಂದೂವರೆ ಕೋಟಿ ಡಾಲರಿಗೆ ಬಿಟ್ಟುಕೊಟ್ಟಿತು. ಸಹಿ ಹಾಕಿದ ಎರಡು ಪಕ್ಷದವರಿಗೂ ಕೊಲೋಮಾದ ಸುದ್ದಿ ಗೊತ್ತಿರಲಿಲ್ಲ.

ಸುದ್ದಿ ಹೊರಬಿದ್ದುದು ವ್ಯಾಪಾರಿಯ ಬಾಯಿಂದ. ಸಟರನ ಕೋಟೆಯ ಬಳಿ ಅಂಗಡಿಯಿಟ್ಟಿದ್ದ ಸ್ಯಾಮ್ ಬ್ರಾನನ್ ಮೊದಲು ಸಲಿಕೆ, ತಟ್ಟೆ, ಗುದ್ದಲಿಗಳನ್ನು ಕೂಡಿಹಾಕಿದ. ಆಮೇಲೆ 1848ರ ಮೇ ತಿಂಗಳಲ್ಲಿ ಚಿನ್ನದ ಪುಡಿ ತುಂಬಿದ ಸೀಸೆ ಹಿಡಿದು ಸ್ಯಾನ್ ಫ್ರಾನ್ಸಿಸ್ಕೊ ಬೀದಿಗಳಲ್ಲಿ ಕೂಗಿಕೊಂಡು ಹೋದ. ಊರಿಗೆ ಊರೇ ಖಾಲಿಯಾಗಿ ತಪ್ಪಲಿಗೆ ಓಡಿತು. ಬ್ರಾನನ್ ಮಣ್ಣು ಅಗೆಯಲಿಲ್ಲ. ಕ್ಯಾಲಿಫೋರ್ನಿಯಾದ ಮೊದಲ ಲಕ್ಷಾಧೀಶ್ವರರಲ್ಲಿ ಒಬ್ಬನಾದ. ಪಕ್ಕದ ಪ್ಲಾಸರ್‌ವಿಲ್ಲಿನಲ್ಲಿ ಗಣಿಗಾರರಿಗೆ ಒಂಟಿಚಕ್ರದ ಕೈಗಾಡಿ ಮಾಡಿ ಮಾರಿದ ಸ್ಟುಡ್‌ಬೇಕರ್ ಎಂಬ ಯುವಕ ಗಂಟು ಕಟ್ಟಿಕೊಂಡು ಹಿಂತಿರುಗಿ ಅಣ್ಣತಮ್ಮಂದಿರ ಗಾಡಿ ಕಾರ್ಖಾನೆಗೆ ಹಾಕಿದ. ಮುಂದೆ ಅದೇ ಮೋಟಾರು ಕಂಪನಿಯಾಯಿತು. ನಮ್ಮ ಊರುಗಳಲ್ಲೂ ಅಡಿಕೆ ಬೆಳೆದವನಿಗಿಂತ ಮಂಡಿಯವನು ದಪ್ಪಗಿರುವುದನ್ನು ನಾವು ನೋಡಿಲ್ಲವೇ?

ಆ ಮೊದಲ ಬೇಸಗೆಯ ಒಂದು ಲೆಕ್ಕವನ್ನು ನೀವು ಕೇಳಬೇಕು. ಗವರ್ನರ್ ಮೇಸನ್ ಸ್ವತಃ ಗಣಿ ಪ್ರದೇಶಕ್ಕೆ ಹೋಗಿ ನೋಡಿ ವಾಷಿಂಗ್ಟನ್ನಿಗೆ ವರದಿ ಕಳಿಸಿದ. ನಾಲ್ಕು ಸಾವಿರಕ್ಕೂ ಮಿಕ್ಕಿ ಜನ ಚಿನ್ನ ತೆಗೆಯುತ್ತಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲನಿವಾಸಿಗಳು ಎಂದು ಅದರಲ್ಲಿ ಬರೆದ. ಅಂದರೆ ಚಿನ್ನದ ಓಟದ ಮೊದಲ ವರ್ಷ ಅಗೆದ ಕೈಗಳಲ್ಲಿ ಹೆಚ್ಚಿನವು ಆ ನೆಲದ ಮಕ್ಕಳವೇ. ಗಡ್ಡದ ಬಿಳಿಯನೊಬ್ಬ ತಟ್ಟೆ ಹಿಡಿದು ಹೊಳೆಯಲ್ಲಿ ಕೂತಿರುವ ಚಿತ್ರ ಜಗತ್ತಿನ ಕಣ್ಣಲ್ಲಿ ಉಳಿದಿದೆ. ಈ ಎರಡು ಸಾವಿರ ಜನ ಆ ಚಿತ್ರದಿಂದ ಎಲ್ಲಿ ಹೋದರು?

ಕೊಂದರು. 1849ರ ವಸಂತದಲ್ಲಿ ಓರೆಗಾನಿನಿಂದ ಬಂದ ಗಣಿಗಾರರ ಗುಂಪು ಕೊಲೋಮಾದಲ್ಲೇ ಮೂಲನಿವಾಸಿಗಳ ಕೊಲೆ ನಡೆಸಿತು. ಗಿರಣಿಯಲ್ಲಿ ದುಡಿಯುತ್ತಿದ್ದವರ ಪರವಾಗಿ ಮಾರ್ಷಲ್ ಅಡ್ಡ ಬಂದ. ಅವನೇ ಪ್ರಾಣ ಉಳಿಸಿಕೊಳ್ಳಲು ಊರು ಬಿಡಬೇಕಾಯಿತು. ಚಿನ್ನ ಕಂಡುಹಿಡಿದವನೆಂಬ ಕೀರ್ತಿಗಿಂತ ಈ ಒಂದು ಕೆಲಸಕ್ಕೆ ಅವನನ್ನು ನೆನೆಯಬೇಕೆಂದು ನನ್ನ ಅಭಿಪ್ರಾಯ. ಮುಂದಿನದು ಗುಂಪುಗಳ ಕೆಲಸವಾಗಿ ಉಳಿಯಲಿಲ್ಲ, ಸರ್ಕಾರದ ಕೆಲಸವಾಯಿತು. 1850ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ ಮೂಲನಿವಾಸಿಗಳ "ರಕ್ಷಣೆ"ಗೆ ಒಂದು ಕಾನೂನು ಮಾಡಿತು. ಅದರ ಪ್ರಕಾರ ಅಲೆಮಾರಿಯೆಂದು ಹಿಡಿದ ಮೂಲನಿವಾಸಿಯನ್ನು ನಾಲ್ಕು ತಿಂಗಳವರೆಗೆ ದುಡಿಸಿಕೊಳ್ಳಲು ಹರಾಜು ಹಾಕಬಹುದಿತ್ತು. ಅವರ ಮಕ್ಕಳನ್ನು ಬಿಳಿಯರು ಸಾಕಿಕೊಳ್ಳುವ ನೆಪದಲ್ಲಿ ಜೀತಕ್ಕೆ ಪಡೆಯಬಹುದಿತ್ತು. ಗುಲಾಮಗಿರಿಯಿಲ್ಲದ ಸಂಸ್ಥಾನವೆಂದು ಹೆಸರು ಪಡೆದ ವರ್ಷದಲ್ಲೇ ಈ ಕಾನೂನು! 1851ರ ಜನವರಿಯಲ್ಲಿ ಮೊದಲ ಗವರ್ನರ್ ಬರ್ನೆಟ್, ಈ ಜನಾಂಗ ಅಳಿಯುವವರೆಗೂ ನಿರ್ಮೂಲನದ ಯುದ್ಧ ನಡೆಯುತ್ತಲೇ ಇರುತ್ತದೆಂದು ಶಾಸನಸಭೆಗೇ ತಿಳಿಸಿದ. ಬೇಟೆಗೆ ಹೊರಟ ಸ್ವಯಂಸೇವಕ ಪಡೆಗಳಿಗೆ ಸಂಸ್ಥಾನ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಮಂಜೂರು ಮಾಡಿತು. ಅದರಲ್ಲಿ ಬಹುಪಾಲನ್ನು ಕೇಂದ್ರ ಸರ್ಕಾರ ತುಂಬಿಕೊಟ್ಟಿತು. ಆ ನಡುವೆ ಹದಿನೆಂಟು ಒಪ್ಪಂದಗಳಾದವು, ನೆಲ ಬಿಟ್ಟುಕೊಟ್ಟರೆ ಬೇರೆ ಜಾಗ ಕೊಡುತ್ತೇವೆಂದು. 1852ರಲ್ಲಿ ಅಮೆರಿಕದ ಸೆನೆಟ್ ಅವನ್ನು ಒಪ್ಪದೆ ಬೀಗ ಹಾಕಿ ಇಟ್ಟಿತು. ಆ ಕಾಗದಗಳು ಬೆಳಕು ಕಂಡದ್ದು 1905ರಲ್ಲಿ. ಚಿನ್ನದ ಓಟ ಶುರುವಾದಾಗ ಕ್ಯಾಲಿಫೋರ್ನಿಯಾದಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಮೂಲನಿವಾಸಿಗಳು 1870ರ ಹೊತ್ತಿಗೆ ಮೂವತ್ತು ಸಾವಿರದಷ್ಟಾದರು. ರೋಗ, ಹಸಿವು, ಗುಂಡು, ಮೂರೂ ಸೇರಿ. 2019ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಇದನ್ನು ಜನಾಂಗಹತ್ಯೆಯೆಂದೇ ಕರೆದು ಕ್ಷಮೆ ಕೇಳಿದರು. ಕೇಳಿದ್ದು ಒಳ್ಳೆಯದು. ಕ್ಷಮೆಯ ಜೊತೆ ಜಮೀನು ಬರಲಿಲ್ಲ.

ಬಿಳಿಯರಲ್ಲದ ಬೇರೆಯವರ ಪಾಡೇನು? ಮೆಕ್ಸಿಕೊ, ಚಿಲಿಗಳಿಂದ ಬಂದವರು ಗಣಿಕೆಲಸ ನುರಿತವರು. 1850ರ ಏಪ್ರಿಲಿನಲ್ಲಿ ವಿದೇಶಿ ಗಣಿಗಾರರ ಮೇಲೆ ತಿಂಗಳಿಗೆ ಇಪ್ಪತ್ತು ಡಾಲರ್ ತೆರಿಗೆ ಬಿತ್ತು. ಎರಡು ವರ್ಷದ ಹಿಂದಿನವರೆಗೆ ತಮ್ಮದೇ ದೇಶವಾಗಿದ್ದ ನೆಲದಲ್ಲಿ ಮೆಕ್ಸಿಕನ್ನರು ವಿದೇಶಿಗಳಾದರು. ಅದನ್ನು ಮರುವರ್ಷ ತೆಗೆದು, 1852ರಲ್ಲಿ ಕಡಮೆ ದರದಲ್ಲಿ ಮತ್ತೆ ತಂದರು; ಈ ಸಲ ಹೊರೆ ಚೀನೀಯರ ಹೆಗಲಿಗೆ. ಬಿಳಿಯರು ಬಿಟ್ಟುಹೋದ ಮರಳನ್ನೇ ಮತ್ತೆ ತೊಳೆದು ಹೊಟ್ಟೆ ಹೊರೆದವರು ಚೀನೀಯರು. 1854ರಲ್ಲಿ ಕ್ಯಾಲಿಫೋರ್ನಿಯಾದ ಉಚ್ಚ ನ್ಯಾಯಾಲಯ ಬಿಳಿಯರ ವಿರುದ್ಧ ಚೀನೀಯರ ಸಾಕ್ಷ್ಯ ನಡೆಯದೆಂದು ತೀರ್ಪು ಕೊಟ್ಟಿತು. ದೋಚಿದವನ ಮೇಲೆ ದೂರು ಕೊಟ್ಟರೂ ಸಾಕ್ಷಿ ಹೇಳುವಂತಿಲ್ಲ. ಕೊಲೋಮಾದಲ್ಲಿ ಇಂದು ಉಳಿದಿರುವ ಹಳೆಯ ಕಟ್ಟಡಗಳಲ್ಲಿ ಎರಡು ಕಲ್ಲುಕಟ್ಟಡಗಳು ಚೀನೀ ಅಂಗಡಿಗಳು, ವಾ ಹಾಪ್ ಮತ್ತು ಮ್ಯಾನ್ ಲೀ ಎಂಬ ಹೆಸರಿನವು.

ಬಿಳಿಯ ಕೂಲಿಕಾರನಾದರೂ ಗೆದ್ದನೇ ಎಂದು ನೀವು ಕೇಳಬಹುದು. ತಟ್ಟೆ ಸಲಿಕೆಗಳ ಕಾಲ ಬಹಳ ಬೇಗ ಮುಗಿಯಿತು. ಹೊಳೆಯ ಮೇಲ್ಪದರದ ಚಿನ್ನ ಮುಗಿದ ಮೇಲೆ ಎತ್ತರದ ದಿಬ್ಬಗಳ ಮಣ್ಣು ತೊಳೆಯಬೇಕಾಯಿತು. ಅದಕ್ಕೆ ನೀರು ಬೇಕು, ನೀರಿಗೆ ಮೈಲಿಗಟ್ಟಲೆ ಕಾಲುವೆ, ಕಾಲುವೆಗೆ ಬಂಡವಾಳ. ನೀರಿನ ಕಂಪನಿಗಳು ಹುಟ್ಟಿದವು, ಷೇರುಗಳು ಹುಟ್ಟಿದವು. ಸ್ವತಂತ್ರನಾಗಿ ಬಂದವನು ದಿನಗೂಲಿಯವನಾದ. 1853ರಿಂದ ಇದೇ ತಪ್ಪಲಿನ ಉತ್ತರದ ಭಾಗದಲ್ಲಿ ದೊಡ್ಡ ಕೊಳಾಯಿಗಳಿಂದ ನೀರನ್ನು ಫಿರಂಗಿಯಂತೆ ಹೊಡೆದು ಇಡೀ ಗುಡ್ಡಗಳನ್ನೇ ಕರಗಿಸುವ ವಿಧಾನ ಬಂತು. ಕರಗಿದ ಗುಡ್ಡ ಹೊಳೆಗಳಲ್ಲಿ ಇಳಿದು ಬಯಲಿನ ರೈತರ ಹೊಲಗಳ ಮೇಲೆ ಕೂತಿತು. ರೈತರು ಕೋರ್ಟಿಗೆ ಹೋದರು. 1884ರಲ್ಲಿ ನ್ಯಾಯಾಧೀಶ ಸಾಯರ್ ಮಣ್ಣನ್ನು ಹೊಳೆಗೆ ಬಿಡಕೂಡದೆಂದು ತೀರ್ಪಿತ್ತ. ಚಿನ್ನ ಹಿಡಿಯಲು ಸುರಿದ ಪಾದರಸ ಮಾತ್ರ ಹೊಳೆಯಲ್ಲೇ ಉಳಿಯಿತು. ಕೊಲೋಮಾದ ಕೆಳಗೆ ಆ ನದಿ ಸೇರುವ ಫಾಲ್ಸಮ್ ಜಲಾಶಯದ ಮೀನನ್ನು ಎಷ್ಟು ತಿನ್ನಬಹುದೆಂದು ಸರ್ಕಾರ ಎಚ್ಚರಿಕೆ ಹೊರಡಿಸಿದ್ದು ಈ ಶತಮಾನದಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟು, 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದ ಕೋಲಾರದ ಗಣಿಯ ಪಕ್ಕದಲ್ಲಿ ಸೈನೈಡ್ ದಿಬ್ಬಗಳ ಧೂಳು ಕುಡಿಯುವ ಕಾರ್ಮಿಕ ಕುಟುಂಬಗಳಿಗೆ ಈ ಮಾತು ಹೊಸದಲ್ಲ. ಚಿನ್ನ ಊರು ಬಿಡುತ್ತದೆ, ವಿಷ ಬಿಡುವುದಿಲ್ಲ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಗಣಿಗಾರರು ಅಗೆದ ನೆಲ ಬಹುಪಾಲು ಸರ್ಕಾರದ್ದು. ಅವರ ರೂಢಿಗಳನ್ನೇ ಕಾನೂನಾಗಿ ಮಾಡಿ 1872ರಲ್ಲಿ ಅಮೆರಿಕ ಗಣಿ ಕಾಯಿದೆ ತಂದಿತು. ಕೇಂದ್ರ ಸರ್ಕಾರದ ನೆಲದಿಂದ ಚಿನ್ನ, ಬೆಳ್ಳಿ, ತಾಮ್ರ ತೆಗೆಯುವವರು ಆ ಕಾಯಿದೆಯ ಮೇರೆಗೆ ರಾಯಧನವನ್ನೇ ಕೊಡಬೇಕಾಗಿಲ್ಲ. ಒಬ್ಬಂಟಿ ಬಡವನ ಹೆಸರಿನಲ್ಲಿ ಹುಟ್ಟಿದ ಈ ವಿನಾಯಿತಿಯನ್ನು ಉಂಡವು ದೊಡ್ಡ ಕಂಪನಿಗಳು. ನಾವೂ ನಗುವ ಹಾಗಿಲ್ಲ. 2009ಕ್ಕೆ ಮುಂಚೆ ಬಳ್ಳಾರಿಯ ಅದಿರು ಟನ್ನಿಗೆ ಸಾವಿರಾರು ರೂಪಾಯಿಗೆ ಹಡಗು ಹತ್ತುತ್ತಿದ್ದಾಗ ನಮ್ಮ ಬೊಕ್ಕಸಕ್ಕೆ ಬರುತ್ತಿದ್ದ ರಾಯಧನ ಬಿಡಿಕಾಸು.

ಹೀಗೆ ಚಿನ್ನ ಕಡಮೆಯಾದ ಮೇಲೆ ಕೊಲೋಮಾದ ಜನ ಬೇರೆ ಕಡೆಗೆ ಹರಿದರು. 1857ರಲ್ಲಿ ಜಿಲ್ಲಾ ಕೇಂದ್ರ ಪ್ಲಾಸರ್‌ವಿಲ್ಲಿಗೆ ಹೋಯಿತು. ಕೋರ್ಟು ಹೋದ ಊರಿಗೆ ವಕೀಲರು ಬರುವುದಿಲ್ಲ, ವಕೀಲರಿಲ್ಲದಲ್ಲಿ ಹೋಟೆಲು ನಡೆಯುವುದಿಲ್ಲ. ಉಳಿದವರು ಹಣ್ಣಿನ ತೋಟ, ದ್ರಾಕ್ಷಿ ತೋಟ ಹಾಕಿದರು. ಈ ಉಳಿದವರಲ್ಲಿ ಒಬ್ಬಳ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಅವಳ ಹೆಸರು ನ್ಯಾನ್ಸಿ ಗೂಚ್. 1849ರಲ್ಲಿ ಮಿಸೌರಿಯ ಬಿಳಿಯ ಧಣಿಯೊಬ್ಬ ಅವಳನ್ನೂ ಅವಳ ಗಂಡ ಪೀಟರನನ್ನೂ ಗುಲಾಮರನ್ನಾಗಿ ಕೊಲೋಮಾಕ್ಕೆ ಕರೆತಂದ. ಎಳೆಯ ಮಗ ಆಂಡ್ರೂ ಮಿಸೌರಿಯಲ್ಲೇ ಗುಲಾಮನಾಗಿ ಉಳಿದ. ಮರುವರ್ಷ ಕ್ಯಾಲಿಫೋರ್ನಿಯಾ ಗುಲಾಮಗಿರಿಯಿಲ್ಲದ ಸಂಸ್ಥಾನವಾಗಿ ಸೇರಿದಾಗ ಗಂಡಹೆಂಡಿರು ಸ್ವತಂತ್ರರಾದರು. ಪೀಟರ್ ಕಟ್ಟಡದ ಕೆಲಸ, ಸಿಕ್ಕಿದ ಕೂಲಿ ಮಾಡಿದ. ನ್ಯಾನ್ಸಿ ಗಣಿಗಾರರ ಬಟ್ಟೆ ಒಗೆದಳು, ಹೊಲಿದಳು, ಅಡಿಗೆ ಮಾಡಿದಳು. ಚಿನ್ನ ಹುಡುಕುವವರ ಅಂಗಿಯ ಕೊಳೆ ತೊಳೆದು ಕಾಸಿಗೆ ಕಾಸು ಕೂಡಿಸಿದಳು, ನೆಲ ಕೊಂಡಳು. ಪೀಟರ್ ತೀರಿಕೊಂಡ ಮೇಲೂ ನಿಲ್ಲಿಸಲಿಲ್ಲ. 1870ರ ಸುಮಾರಿಗೆ, ಮಗನನ್ನು ಬಿಟ್ಟು ಇಪ್ಪತ್ತು ವರ್ಷವಾದ ಮೇಲೆ, ಆಂಡ್ರೂ ಮನ್ರೋನನ್ನೂ ಅವನ ಸಂಸಾರವನ್ನೂ ತನ್ನ ಹಣದಿಂದ ಕೊಲೋಮಾಕ್ಕೆ ಕರೆಸಿಕೊಂಡಳು. ತಾಯಿ ಮಗ ಸೊಸೆ ಸೇರಿ ಹಣ್ಣಿನ ತೋಟ ಬೆಳೆಸಿದರು. ಮನ್ರೋ ಮನೆತನ ಊರಿನ ಅನುಕೂಲಸ್ಥ ಕುಟುಂಬಗಳಲ್ಲಿ ಒಂದಾಯಿತು. ಅವರು ಕೊಂಡ ಜಮೀನಿನಲ್ಲಿ ಸಟರನ ಗಿರಣಿ ಇದ್ದ ಜಾಗವೂ ಸೇರಿತ್ತು. ಚಿನ್ನ ಕಂಡ ನೆಲದ ಪಟ್ಟೆ ಕೊನೆಗೆ ಬಂದು ನಿಂತದ್ದು ಗುಲಾಮಳಾಗಿ ಬಂದು ಬಟ್ಟೆ ಒಗೆದವಳ ಮನೆತನಕ್ಕೆ! ಸಂಗಾತಿಗಳೇ, ಈ ಊರಿನ ಚರಿತ್ರೆಯಲ್ಲಿ ನನ್ನ ಮನಸ್ಸು ಹಿಗ್ಗುವುದು ಇಲ್ಲಿ ಮಾತ್ರ. ಅದು ಅಮೆರಿಕ ಕೊಟ್ಟ ಸಮಾನತೆಯೆಂದು ಯಾರೂ ತಿಳಿಯಬೇಡಿ. ನ್ಯಾನ್ಸಿ ಬಂದು ನೂರಹದಿನೈದು ವರ್ಷವಾದ ಮೇಲೂ, 1964ರಲ್ಲಿ, ನಮ್ಮ ಲೋಹಿಯಾ ಅವರನ್ನು ಮಿಸಿಸಿಪ್ಪಿಯ ಜಾಕ್ಸನ್ ನಗರದ ಉಪಾಹಾರ ಗೃಹವೊಂದರಿಂದ ಮೈಬಣ್ಣದ ಕಾರಣಕ್ಕೆ ಹೊರಗಟ್ಟಿ ಪೋಲೀಸರು ಹಿಡಿದರು.

ಜಪಾನೀಯರ ಪ್ರಸ್ತಾಪವನ್ನು ಚುಟುಕಾಗಿ ಮಾಡುತ್ತೇನೆ. 1869ರಲ್ಲಿ ತಮ್ಮ ದೇಶದ ಅಂತರ್ಯುದ್ಧದಲ್ಲಿ ಸೋತ ಐಜು ವಕಮತ್ಸುವಿನ ಕೆಲವರು ಚಹಾ ಗಿಡ, ಹಿಪ್ಪುನೇರಳೆ ಗಿಡ ಹೊತ್ತು ಕೊಲೋಮಾದ ಪಕ್ಕದ ಗೋಲ್ಡ್ ಹಿಲ್ಲಿಗೆ ಬಂದರು. ನೀರಿನ ಅಭಾವ, ಹಣದ ಅಭಾವ. ಎರಡೇ ವರ್ಷಕ್ಕೆ ವಸಾಹತು ಮುರಿಯಿತು. ಮುಖ್ಯಸ್ಥ ಹಿಂತಿರುಗಿ ಬರಲಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಒಕೇಯಿ ಎಂಬ ಹುಡುಗಿ 1871ರಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡಳು. ಅವಳ ಸಮಾಧಿ ಅಲ್ಲಿನ ಗುಡ್ಡದ ಮೇಲಿದೆ.

ಮಾರ್ಷಲನಿಗೆ ಏನು ದಕ್ಕಿತು? ಗಿರಣಿ ನಿಂತಿತು, ಗಣಿಗಾರರು ಅವನ ಹಕ್ಕನ್ನು ಲೆಕ್ಕಿಸಲಿಲ್ಲ. ದ್ರಾಕ್ಷಿ ತೋಟ ಹಾಕಿದ, ಅದೂ ಕೈಕೊಟ್ಟಿತು. 1872ರಲ್ಲಿ ಶಾಸನಸಭೆ ತಿಂಗಳಿಗೆ ಇನ್ನೂರು ಡಾಲರಿನಂತೆ ವಿಶ್ರಾಂತಿ ವೇತನ ಕೊಟ್ಟಿತು, ಆಮೇಲೆ ಅರ್ಧ ಮಾಡಿತು, 1878ರಲ್ಲಿ ನಿಲ್ಲಿಸಿತು. 1885ರಲ್ಲಿ ಪಕ್ಕದ ಕೆಲ್ಸಿ ಎಂಬಲ್ಲಿ ಬಡವನಾಗಿ ಸತ್ತ. 1890ರಲ್ಲಿ ಅವನ ಸಮಾಧಿಯ ಮೇಲೆ ಚಿನ್ನ ಸಿಕ್ಕಿದ ಜಾಗಕ್ಕೆ ಬೆರಳು ತೋರಿಸುವ ಎತ್ತರದ ವಿಗ್ರಹ ನಿಲ್ಲಿಸಿದರು. ಬದುಕಿದ್ದಾಗ ನಿಲ್ಲಿಸಿದ ವೇತನವನ್ನು ಸತ್ತ ಮೇಲೆ ವಿಗ್ರಹವಾಗಿ ಕೊಟ್ಟರು ಎನ್ನಿ. ಸಟರ್ ತನ್ನ ಜಮೀನಿನ ಪರಿಹಾರಕ್ಕಾಗಿ ವಾಷಿಂಗ್ಟನ್ನಿನ ಬಾಗಿಲು ಕಾದು 1880ರಲ್ಲಿ ಅಲ್ಲೇ ಸತ್ತ. ಸ್ಯಾಕ್ರಮೆಂಟೊದ ಒಂದು ಆಸ್ಪತ್ರೆಯ ಮುಂದಿದ್ದ ಅವನ ಪ್ರತಿಮೆಯನ್ನು 2020ರ ಜೂನಿನಲ್ಲಿ ತೆಗೆದುಹಾಕಿದರು.

ಈಗ ಕೊಲೋಮಾದ ಬಹುಭಾಗ ಸಂಸ್ಥಾನ ಸರ್ಕಾರದ ಚಾರಿತ್ರಿಕ ಉದ್ಯಾನ. ಗಿರಣಿಯ ಪ್ರತಿಕೃತಿ ಇದೆ. ಶಾಲೆಯ ಮಕ್ಕಳು ಬಂದು ತಟ್ಟೆಯಲ್ಲಿ ಮರಳು ತೊಳೆದು ನೋಡುತ್ತಾರೆ. ಬೇಸಗೆಯಲ್ಲಿ ಪಟ್ಟಣದವರು ರಬ್ಬರು ದೋಣಿಗಳಲ್ಲಿ ಹೊಳೆಯ ಮೇಲೆ ತೇಲುತ್ತಾರೆ. ಉದ್ಯಾನಕ್ಕಾಗಿ ಸರ್ಕಾರ 1940ರ ದಶಕದಲ್ಲಿ ಪಡೆದ ನೆಲದಲ್ಲಿ ಮನ್ರೋ ಮನೆತನದ ಜಮೀನೂ, ಆ ಗಿರಣಿಯ ಜಾಗವೂ ಇದ್ದವು. ಕಪ್ಪು ಜನರಿಗೆ ಆದ ಅನ್ಯಾಯದ ಪರಿಹಾರವನ್ನು ವಿಚಾರಿಸಲ�� ಕ್ಯಾಲಿಫೋರ್ನಿಯಾ 2020ರಲ್ಲಿ ಕಾನೂನು ಮಾಡಿ ಒಂದು ಸಮಿತಿ ನೇಮಿಸಿತು. ಕೊಲೋಮಾದ ಕಪ್ಪು ಕುಟುಂಬಗಳ ವಂಶಸ್ಥರಲ್ಲಿ ಕೆಲವರು ನಮ್ಮ ಹಿರಿಯರ ನೆಲವನ್ನು ಸರ್ಕಾರ ಕಿತ್ತುಕೊಂಡಿತು, ಹಿಂದಕ್ಕೆ ಕೊಡಿ ಎಂದು ಕೇಳಿದ್ದಾರೆ. ಸಮಿತಿ 2023ರಲ್ಲಿ ಅಂತಿಮ ವರದಿ ಕೊಟ್ಟಿತು.

ನಿಸೆನಾನರೂ ಅಳಿದುಹೋಗಿಲ್ಲ. ಅವರ ಒಂದು ಗುಂಪು, ಉತ್ತರದ ನೆವಾಡಾ ಸಿಟಿಯ ಸುತ್ತಲಿನವರು, 1964ರಲ್ಲಿ ಕೇಂದ್ರ ಸರ್ಕಾರ ರದ್ದು ಮಾಡಿದ ತಮ್ಮ ಮಾನ್ಯತೆಯನ್ನು ಮರಳಿ ಪಡೆಯಲು ಹೋರಾಡುತ್ತ ಬಂದಿದ್ದಾರೆ. ಒಂದೇ ನೆಲದ ಮೇಲೆ ಈಗ ಎರಡು ಕೇಳಿಕೆಗಳಿವೆ: ದುಡಿದು ಕೊಂಡವರ ಮಕ್ಕಳದೊಂದು, ಕೊಳ್ಳುವ ಮಾರುವ ಮಾತೇ ಹುಟ್ಟುವ ಮೊದಲು ಅಲ್ಲಿದ್ದವರದೊಂದು. ಎರಡೂ ನ್ಯಾಯವೆಂದೇ ನನಗೆ ತೋರುತ್ತದೆ. ಉಳುವವನಿಗೆ ಭೂಮಿ ಎಂದು ಕಾಗೋಡಿನಿಂದ ಕೂಗಿಕೊಂಡು ಬಂದ ನಾವು ಇಂಥ ಕಡೆ ಯಾರ ಪರ ನಿಲ್ಲಬೇಕು, ಎರಡನ್ನೂ ಹೊಂದಿಸುವ ದಾರಿ ಯಾವುದು? ನಮ್ಮ ಮಲೆನಾಡಿನಲ್ಲೇ ಗೇಣಿ ಬಿಡಿಸಿಕೊಂಡ ರೈತನೂ, ಅವನಿಗಿಂತ ಹಿಂದೆ ಅದೇ ಕಾಡಿನಲ್ಲಿದ್ದ ಬುಡಕಟ್ಟಿನವನೂ ಒಂದೇ ಸರ್ವೆ ನಂಬರಿನ ಮುಂದೆ ನಿಂತಾಗ ಈ ತೊಡಕು ಬಂದಿದೆ. ಇದರ ಮೇಲೆ ನಿಮ್ಮಲ್ಲಿ ಭಿನ್ನಾಭಿಪ್ರಾಯ ಇರುವುದು ನನಗೆ ಗೊತ್ತು. ಅಧ್ಯಕ್ಷರು ಅಪ್ಪಣೆ ಕೊಟ್ಟರೆ ಅಲ್ಲಿಂದಲೇ ಚರ್ಚೆ ಶುರುವಾಗಲಿ.